13 ತಂಡ ಬದಲಿಸಿದವರಿಗೆ ಪಿಂಚಣಿ ಇದೆ, ನಮ್ಮೂರ ಆಟಗಾರನಿಗೆ?

ಇಶ್ ಸ್ಮಿತ್. ಈ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಮೈಕೆಲ್ ಜೋರ್ಡನ್, ಲೆಬ್ರಾನ್ ಜೇಮ್ಸ್ ಗೊತ್ತು. ಬಾಸ್ಕೆಟ್‌ಬಾಲ್ ನೋಡುವವರಿಗೆ ಸ್ಟೀಫನ್ ಕರ್ರಿ ಗೊತ್ತು. ಸ್ಮಿತ್ ಅಂಥ ತಾರೆ ಏನಲ್ಲ. ಎತ್ತರ ಆರಡಿ, ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್‌ನಲ್ಲಿ ಅದು ಕುಳ್ಳು. ಆಡುವ ಸ್ಥಾನ ಪಾಯಿಂಟ್ ಗಾರ್ಡ್. 2010ರಲ್ಲಿ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಎನ್‌ಬಿಎಯ ಯಾವ ತಂಡವೂ ಅವರ ಹೆಸರು ಕೂಗಲಿಲ್ಲ. ಹಾಗಿದ್ದೂ ಹೂಸ್ಟನ್‌ನಲ್ಲಿ ಶುರು ಮಾಡಿ, ಮೆಂಫಿಸ್, ಒರ್ಲಾಂಡೊ, ಫಿಲಡೆಲ್ಫಿಯಾ, ಡೆಟ್ರಾಯಿಟ್, ವಾಷಿಂಗ್ಟನ್ ಎಂದು ಸುತ್ತಿ, 2022ರಲ್ಲಿ ಡೆನ್ವರ್ ಸೇರಿದಾಗ ಅದು ಅವರ 13ನೇ ತಂಡ. ಎನ್‌ಬಿಎ ಇತಿಹಾಸದಲ್ಲಿ ಇಷ್ಟು ತಂಡಗಳಿಗೆ ಆಡಿದವರು ಅದುವರೆಗೆ ಯಾರೂ ಇರಲಿಲ್ಲ. 2023ರಲ್ಲಿ ಡೆನ್ವರ್ ಚಾಂಪಿಯನ್ ಆದಾಗ ಅವರು ಆ ತಂಡದಲ್ಲಿದ್ದರು.

ಊರೂರು ತಿರುಗುವ, ಎಲ್ಲೂ ಕಾಯಂ ಆಗದ ಕೆಲಸ. ಕೇಳಿದರೆ ನಮಗೆ ಬೇಗ ಅರ್ಥವಾಗುತ್ತೆ, ಯಾಕೆಂದರೆ ನಾವು ದಿನಾ ನೋಡೋದು ಅದನ್ನೇ. ನಾನು ಮಾಚೇನಹಳ್ಳಿಯವನು. ಶಿವಮೊಗ್ಗ–ಭದ್ರಾವತಿ ರಸ್ತೆಯ ಕೈಗಾರಿಕಾ ಪ್ರದೇಶ ನಮ್ಮದು: ಹಾಲಿನ ಡೇರಿ, ಫೌಂಡ್ರಿಗಳು, ಗಾರ್ಮೆಂಟ್ಸ್, ಕೆಎಸ್‌ಆರ್‌ಪಿ 8ನೇ ಪಡೆ. ಇಲ್ಲಿನ ನನ್ನ ವಯಸ್ಸಿನ ಹುಡುಗರಲ್ಲಿ ಮೂರ್ನಾಲ್ಕು ಗುತ್ತಿಗೆದಾರರ ಕೈಕೆಳಗೆ ದುಡಿದವರೇ ಜಾಸ್ತಿ. ಪ್ರತಿ ಸಲ ಹೊಸ ಐಡಿ ಕಾರ್ಡ್, ಪ್ರತಿ ಸಲ ಸರ್ವೀಸ್ ಸೊನ್ನೆಯಿಂದ ಶುರು. ಹಾಗಾದರೆ ಇಶ್ ಸ್ಮಿತ್ ಕೂಡ ದುಬಾರಿ ಸಂಬಳದ ಒಬ್ಬ ಗುತ್ತಿಗೆ ಕಾರ್ಮಿಕ ಅಷ್ಟೇನಾ?

ಇಲ್ಲ. ಸಂಬಳದ ಮೊತ್ತಕ್ಕಿಂತ ದೊಡ್ಡ ವ್ಯತ್ಯಾಸವೊಂದು ಇಲ್ಲಿದೆ. ಸ್ಮಿತ್ ತಂಡ ಬದಲಿಸಿದಾಗಲೆಲ್ಲ ಅವರ ಹಕ್ಕುಗಳು ಅವರ ಜೊತೆಗೇ ಹೋದವು.

ಗಾರ್ಡ್ ಯಾಕೆ ಇಷ್ಟು ತಿರುಗುತ್ತಾರೆ?

ಮೊದಲು ಆಟದ ವಿಷಯ. ಪಾಯಿಂಟ್ ಗಾರ್ಡ್ ಅಂದರೆ ಚೆಂಡನ್ನು ಪುಟಿಸುತ್ತಾ ಮುಂದಕ್ಕೆ ತಂದು, ಯಾರು ಎಲ್ಲಿ ಓಡಬೇಕು, ಯಾರಿಗೆ ಪಾಸ್ ಸಿಗಬೇಕು ಅಂತ ತೀರ್ಮಾನಿಸುವವರು. ಪ್ರತಿ ತಂಡಕ್ಕೂ ತನ್ನದೇ ಆದ ಹತ್ತಾರು ಆಟದ ಯೋಜನೆಗಳಿರುತ್ತವೆ. ಅನುಭವಿ ಗಾರ್ಡ್ ಅವನ್ನು ಕೆಲವೇ ದಿನಗಳಲ್ಲಿ ಕಲಿಯಬಲ್ಲ. ಮುಖ್ಯ ಗಾರ್ಡ್ ಗಾಯಗೊಂಡರೆ ಅಥವಾ ದಣಿದರೆ, ಆಟ ಕೆಡದಂತೆ ಹತ್ತು ಹದಿನೈದು ನಿಮಿಷ ನಡೆಸಿಕೊಂಡು ಹೋಗುವವರು ಎಲ್ಲ ತಂಡಗಳಿಗೂ ಬೇಕು. ಆದ್ದರಿಂದ ಇಂಥವರಿಗೆ ಎಲ್ಲೆಡೆ ಬೇಡಿಕೆ ಇರುತ್ತೆ, ಆದರೆ ಯಾರಿಗೂ ಅವರು ಅನಿವಾರ್ಯರಲ್ಲ. ಎರಡು ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವಾಗ ಮೊದಲು ಹೊರಡುವುದು ಇವರ ಹೆಸರೇ.

ಹೀಗೆ ಕಳಿಸುವಾಗ ಬಹುತೇಕ ಆಟಗಾರರ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಆದರೆ ಕರಾರು ಅವರ ಜೊತೆ ಹೋಗುತ್ತೆ. ಹಳೆಯ ತಂಡ ಒಪ್ಪಿದ ಸಂಬಳವನ್ನು ಹೊಸ ತಂಡ ಕೊಡಲೇಬೇಕು. ಮನೆ ಸಾಗಿಸುವ ಖರ್ಚೂ ತಂಡದ್ದೇ. ಕನಿಷ್ಠ ವೇತನ ಎಷ್ಟಿರಬೇಕು ಅನ್ನೋದು ಲಿಖಿತ ಒಪ್ಪಂದದಲ್ಲಿದೆ. 2023–24ರಲ್ಲಿ ಹೊಸಬರ ಕನಿಷ್ಠ ವೇತನವೇ ವರ್ಷಕ್ಕೆ 11 ಲಕ್ಷ ಡಾಲರ್ ದಾಟಿತ್ತು; ಅನುಭವ ಹೆಚ್ಚಿದಂತೆ ಕನಿಷ್ಠವೂ ಏರುತ್ತೆ. ಮೂರು ವರ್ಷ ಸೇವೆ ಮುಗಿಸಿದವರಿಗೆ ಪಿಂಚಣಿಯ ಹಕ್ಕು. ಆ ಮೂರು ವರ್ಷ ಒಂದೇ ತಂಡದಲ್ಲಿ ಆಗಬೇಕಿಲ್ಲ. ಸೇವೆಯ ಲೆಕ್ಕ ಇಡೀ ಲೀಗ್‌ಗೆ ಒಂದೇ. ನಮ್ಮ ಫೌಂಡ್ರಿ ಹುಡುಗರಿಗೆ ಇಲ್ಲದೇ ಇರೋದು ಇದೇ.

ಯಾರೂ ಸುಮ್ಮನೆ ಕೊಟ್ಟಿದ್ದಲ್ಲ

ಇದನ್ನು ಎನ್‌ಬಿಎ ಮಾಲೀಕರು ಪ್ರೀತಿಯಿಂದ ಕೊಟ್ಟರು ಅಂದುಕೊಳ್ಳಬೇಡಿ. ಆಟಗಾರರ ಸಂಘ ಹುಟ್ಟಿದ್ದು 1954ರಲ್ಲಿ. ಕಟ್ಟಿದವರು ಬಾಸ್ಟನ್ ತಂಡದ ಬಾಬ್ ಕೌಸಿ. ಅವರೂ ಗಾರ್ಡ್. ಮಾಲೀಕರು ಆ ಸಂಘವನ್ನು ವರ್ಷಗಟ್ಟಲೆ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

1964ರ ಜನವರಿ 14. ಬಾಸ್ಟನ್‌ನಲ್ಲಿ ಆಲ್‌ಸ್ಟಾರ್ ಪಂದ್ಯ, ಟಿವಿಯಲ್ಲಿ ನೇರ ಪ್ರಸಾರ. ಆಟಗಾರರು ಲಾಕರ್ ರೂಮ್‌ನಿಂದ ಹೊರಗೆ ಬರಲಿಲ್ಲ. ಪಿಂಚಣಿ ಯೋಜನೆಗೆ ಒಪ್ಪುವವರೆಗೂ ಆಡುವುದಿಲ್ಲ ಎಂದು ಕೂತರು. ಮಾಲೀಕರು ಬೆದರಿಸಿದರು, ಟಿವಿಯವರು ಗಡಿಯಾರ ನೋಡಿದರು. ಕೊನೆಗೆ ಲೀಗ್‌ನ ಮುಖ್ಯಸ್ಥರಿಂದ ಭರವಸೆ ಸಿಕ್ಕ ಮೇಲೇ ಅಂಗಳಕ್ಕಿಳಿದರು. ಆ ರಾತ್ರಿ ಪಂದ್ಯದ ಶ್ರೇಷ್ಠ ಆಟಗಾರ ಎನಿಸಿಕೊಂಡವರು ಆಸ್ಕರ್ ರಾಬರ್ಟ್‌ಸನ್. ಅವರೂ ಗಾರ್ಡ್.

ರಾಬರ್ಟ್‌ಸನ್ ಬೆಳೆದದ್ದು ಜನಾಂಗದ ಹೆಸರಲ್ಲಿ ಹೋಳಾಗಿದ್ದ ಇಂಡಿಯಾನಾಪೊಲಿಸ್‌ನಲ್ಲಿ, ಓದಿದ್ದು ಕಪ್ಪು ಮಕ್ಕಳಿಗೆಂದೇ ಇದ್ದ ಕ್ರಿಸ್ಪಸ್ ಅಟಕ್ಸ್ ಶಾಲೆಯಲ್ಲಿ. 1965ರಲ್ಲಿ ಅವರು ಆಟಗಾರರ ಸಂಘದ ಅಧ್ಯಕ್ಷರಾದರು. ಆಗಿನ ನಿಯಮದ ಪ್ರಕಾರ ಕರಾರು ಮುಗಿದರೂ ಆಟಗಾರ ಅದೇ ತಂಡದ ಸ್ವತ್ತು. ತಂಡ ಬೇಕಾದರೆ ಅವನನ್ನು ಮಾರಬಹುದು, ಅವನು ತಾನಾಗಿ ಬಿಟ್ಟುಹೋಗುವಂತಿಲ್ಲ. 1970ರಲ್ಲಿ ರಾಬರ್ಟ್‌ಸನ್ ಹೆಸರಿನಲ್ಲೇ ಇದರ ವಿರುದ್ಧ ಮೊಕದ್ದಮೆ ಹೂಡಲಾಯಿತು. 1976ರಲ್ಲಿ ರಾಜಿಯಾಯಿತು. ಕರಾರು ಮುಗಿದ ಆಟಗಾರ ಬೇರೆ ತಂಡದ ಜೊತೆ ಮಾತಾಡುವ ಹಕ್ಕಿಗೆ ದಾರಿ ತೆರೆದದ್ದು ಆ ರಾಜಿ. ಇವತ್ತು ಲೀಗ್‌ನ ಬಾಸ್ಕೆಟ್‌ಬಾಲ್ ಆದಾಯದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಆಟಗಾರರಿಗೆ ಹೋಗುತ್ತೆ.

ಇಶ್ ಸ್ಮಿತ್ 13 ತಂಡ ಸುತ್ತಿಯೂ ಬೀದಿಗೆ ಬೀಳದೇ ಇದ್ದದ್ದರ ಹಿಂದೆ ಅವರಿಗಿಂತ ಮೊದಲು ಆಡಿದ ಇಬ್ಬರು ಗಾರ್ಡ್‌ಗಳ ಸಂಘಟನೆ ಇದೆ.

ನಮ್ಮ ಗಾರ್ಡ್‌ನ ಪಯಣ

ಈಗ ಭಾರತಕ್ಕೆ ಬರೋಣ. ನಮ್ಮಲ್ಲಿ ಅತಿ ಹೆಚ್ಚು ದೂರ ಹೋದ ಗಾರ್ಡ್ ಅಂದರೆ ವಿಶೇಷ್ ಭೃಗುವಂಶಿ. 1991ರಲ್ಲಿ ಹುಟ್ಟಿದ, ವಾರಾಣಸಿಯಲ್ಲಿ ಆಟ ಕಲಿತ ಹುಡುಗ. ರೈಲ್ವೆಗೆ ಆಡಿದರು, ಆಮೇಲೆ ಒಎನ್‌ಜಿಸಿ ಸೇರಿದರು, ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಉತ್ತರಾಖಂಡದ ಪರ ಆಡಿದರು. 2014ರಲ್ಲಿ ಚೀನಾದ ವುಹಾನ್‌ನಲ್ಲಿ ಭಾರತ ಚೀನಾವನ್ನು 65–58ರಿಂದ ಸೋಲಿಸಿ ಎಲ್ಲರನ್ನೂ ಬೆಚ್ಚಿಬೀಳಿಸಿತಲ್ಲ, ಆ ತಂಡದಲ್ಲಿ ಅವರಿದ್ದರು. 2017ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ 36ಅರ್ಸ್ ತಂಡ ಅವರ ಜೊತೆ ಒಂದು ವರ್ಷದ ಕರಾರು ಮಾಡಿಕೊಂಡಿತು. ಆ ದೇಶದ ರಾಷ್ಟ್ರೀಯ ಲೀಗ್‌ನ ಕರಾರು ಪಡೆದ ಮೊದಲ ಭಾರತೀಯ ಅವರು. ಭಾರತ ತಂಡದ ನಾಯಕರೂ ಆದರು. 2020ರಲ್ಲಿ ಅರ್ಜುನ ಪ್ರಶಸ್ತಿ ಬಂತು.

ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ ಆ ದಾರಿಯನ್ನು ಒಮ್ಮೆ ಗಮನಿಸಿ. ರೈಲ್ವೆ, ಒಎನ್‌ಜಿಸಿ, ನಡುವೆ ಅಡಿಲೇಡ್, ಮತ್ತೆ ಒಎನ್‌ಜಿಸಿ. ದೇಶದ ಅತ್ಯುತ್ತಮ ಗಾರ್ಡ್‌ಗೂ ಬದುಕಿನ ಆಧಾರ ಸರ್ಕಾರಿ ಉದ್ದಿಮೆಯ ಕೆಲಸವೇ. ನಮ್ಮಲ್ಲಿ 'ವೃತ್ತಿಪರ ಆಟಗಾರ' ಅಂದರೆ ಬಹುಮಟ್ಟಿಗೆ ಕ್ರೀಡಾ ಕೋಟಾದ ನೌಕರ.

ಕ್ರೀಡಾ ಕೋಟಾವನ್ನು ಹೀಗಳೆಯುವವರ ಜೊತೆ ನಾನಿಲ್ಲ. ಅದರಿಂದ ಎಷ್ಟೋ ಬಡ ಮನೆಗಳು ನಿಂತಿವೆ. ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಈ ದೇಶದಲ್ಲಿ ಉಳಿದಿದೆ ಅಂದರೆ ಅದರ ದೊಡ್ಡ ಪಾಲು ರೈಲ್ವೆಗೆ ಸಲ್ಲಬೇಕು. ಆದರೆ ಈ ವ್ಯವಸ್ಥೆಯ ಮಿತಿಯೂ ಗೊತ್ತಿರಬೇಕು. ಕೋಟಾ ನಿಮಗೆ ಕೆಲಸ ಕೊಡುತ್ತೆ, ಪಂದ್ಯಗಳನ್ನು ಕೊಡುವುದಿಲ್ಲ. ಎನ್‌ಬಿಎ ತಂಡ ಒಂದು ಋತುವಿನಲ್ಲಿ 82 ಪಂದ್ಯ ಆಡುತ್ತೆ. ನಮ್ಮ ಸೀನಿಯರ್ ನ್ಯಾಷನಲ್ಸ್ ಸುಮಾರು ಒಂದು ವಾರದಲ್ಲಿ ಮುಗಿದುಹೋಗುತ್ತೆ. ಗಾರ್ಡ್‌ನ ಕಸುಬು ಪಂದ್ಯದಲ್ಲೇ ಕಲಿಯಬೇಕಾದದ್ದು. ಎದುರಾಳಿ ಮೈಮೇಲೆ ಬಿದ್ದಾಗ ಪಾಸ್ ಎಲ್ಲಿಗೆ ಅನ್ನೋದನ್ನು ಒಬ್ಬನೇ ಅಭ್ಯಾಸ ಮಾಡಿ ಕಲಿಯೋಕೆ ಆಗಲ್ಲ.

ಲೀಗ್‌ಗಳು ಬಂದಿಲ್ಲ ಅಂತಲ್ಲ. 2015ರಲ್ಲಿ ಯುಬಿಎ ಲೀಗ್ ಶುರುವಾಯಿತು. ಬೆಂಗಳೂರು ಬೀಸ್ಟ್ ಎಂಬ ತಂಡವೂ ಇತ್ತು. 2017ರ ಹೊತ್ತಿಗೆ ಅದರ ಓಟ ಮುಗಿಯಿತು. 2022ರಲ್ಲಿ ಐಎನ್‌ಬಿಎಲ್ ಹೆಸರಿನಲ್ಲಿ ನಗರ ತಂಡಗಳ ಲೀಗ್ ಬಂತು, ಅದರಲ್ಲಿ ಬೆಂಗಳೂರು ಕಿಂಗ್ಸ್ ಆಡಿತು. ಲೀಗ್ ಬರುತ್ತೆ, ಹೋಗುತ್ತೆ. ಇಂಥ ಕೆಲವು ವಾರಗಳ ಲೀಗ್ ನಂಬಿ ಕೈಯಲ್ಲಿರುವ ಸರ್ಕಾರಿ ಕೆಲಸ ಬಿಡುವ ಆಟಗಾರ ಯಾರಿದ್ದಾನೆ?

ಕೆಲಸ ಕೊಡುತ್ತಿದ್ದವರೂ ಕಮ್ಮಿಯಾದರು

ಸಮಸ್ಯೆ ಏನಂದರೆ, ಆ ಸರ್ಕಾರಿ ಕೆಲಸದ ಬಾಗಿಲುಗಳೂ ಒಂದೊಂದಾಗಿ ಮುಚ್ಚುತ್ತಿವೆ. ಕರ್ನಾಟಕದ ಬಾಸ್ಕೆಟ್‌ಬಾಲ್‌ನಲ್ಲಿ ವಿಜಯಾ ಬ್ಯಾಂಕ್ ದೊಡ್ಡ ಹೆಸರು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ಆ ಬ್ಯಾಂಕನ್ನು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನ ಮಾಡಲಾಯಿತು. ತಂಡ ಹೊಸ ಹೆಸರಲ್ಲಿ ಆಡುತ್ತಿದೆ, ಸರಿ. ಆದರೆ ಮೂರು ಬ್ಯಾಂಕ್ ಸೇರಿ ಒಂದಾದರೆ ಆಟಗಾರರನ್ನು ಕರೆದು ಕೆಲಸ ಕೊಡಬಹುದಾದ ಸಂಸ್ಥೆಗಳು ಮೂರರಿಂದ ಒಂದಕ್ಕಿಳಿದವು. ಬ್ಯಾಂಕ್ ವಿಲೀನದ ಚರ್ಚೆಯಲ್ಲಿ ಈ ಮಾತು ಎಲ್ಲಾದರೂ ಕೇಳಿಬಂತಾ?

ನಮ್ಮ ಪಕ್ಕದ ಭದ್ರಾವತಿ ನೋಡಿ. ಕಬ್ಬಿಣದ ಕಾರ್ಖಾನೆ ಮತ್ತು ಕಾಗದದ ಕಾರ್ಖಾನೆ ಕಟ್ಟಿದ ಊರು. ಜಿ.ಆರ್. ವಿಶ್ವನಾಥ್ ಹುಟ್ಟಿದ ಊರು. ಎಂಪಿಎಂನಲ್ಲಿ ಕಾಗದ ತಯಾರಿಕೆ ನಿಂತು ವರ್ಷಗಳೇ ಆದವು. ವಿಐಎಸ್‌ಎಲ್ ಮುಚ್ಚುವ ತೀರ್ಮಾನವನ್ನು 2023ರ ಜನವರಿಯಲ್ಲಿ ಸೈಲ್ ಪ್ರಕಟಿಸಿದಾಗ ಕಾರ್ಮಿಕರು ಬೀದಿಗಿಳಿದರು. ಕಾರ್ಖಾನೆ ಕ್ಷೀಣಿಸಿದರೆ ಸಂಬಳದ ಜೊತೆಗೆ ಸಂಜೆಯೂ ಹೋಗುತ್ತೆ. ಕಾಯಂ ಕೆಲಸದವನಿಗೆ ಶಿಫ್ಟ್ ಮುಗಿದ ಮೇಲೆ ಮೈದಾನಕ್ಕೆ ಹೋಗಲು ಪುರುಸೊತ್ತು ಇತ್ತು. ಓಟಿ ಮಾಡಿದರಷ್ಟೇ ಮನೆ ನಡೆಯುವ ಗುತ್ತಿಗೆ ಹುಡುಗನಿಗೆ ಅದಿಲ್ಲ. ನನ್ನ ಜೊತೆ ಓದಿದವನೊಬ್ಬ ಕಾಲೇಜು ತಂಡದ ಗಾರ್ಡ್ ಆಗಿದ್ದ. ನಾವೆಲ್ಲ ಅವನ ಪಾಸ್ ನೋಡೋಕೇ ಹೋಗುತ್ತಿದ್ದೆವು. ಈಗ ರಾತ್ರಿ ಪಾಳಿ. ಆಟ ಬಿಟ್ಟಿದ್ದು ಯಾಕೆ ಅಂತ ಅವನನ್ನು ಯಾರೂ ಕೇಳಲ್ಲ, ಉತ್ತರ ಎಲ್ಲರಿಗೂ ಗೊತ್ತು.

ಏನು ಕೇಳಬೇಕು?

ಪೊಲೀಸ್ ನೇಮಕಾತಿಯಲ್ಲಿ ಶೇ 3, ಉಳಿದ ಇಲಾಖೆಗಳಲ್ಲಿ ಶೇ 2ರಷ್ಟು ಹುದ್ದೆಗಳನ್ನು ಕ್ರೀಡಾಪಟುಗಳಿಗೆ ಕೊಡುವುದಾಗಿ ರಾಜ್ಯ ಸರ್ಕಾರ ಹೇಳಿದೆ. ಒಳ್ಳೆಯದು, ಜಾರಿಯಾಗಲಿ. ಆದರೆ ಅದು ಪದಕ ಗೆದ್ದವರಿಗೆ ಸಿಗುವ ಬಹುಮಾನ. ಪದಕಕ್ಕೂ ಮೊದಲಿನ ಆರೇಳು ವರ್ಷ ಆಟಗಾರ ಬದುಕುವುದು ಹೇಗೆ?

ನನ್ನ ಪ್ರಕಾರ ಕೇಳಬೇಕಾದದ್ದು ಮೂರು. ಒಂದು, ಜಿಲ್ಲಾ ಕೇಂದ್ರಗಳ ತಂಡಗಳಿರುವ, ಕೆಲವಾದರೂ ತಿಂಗಳು ನಡೆಯುವ ರಾಜ್ಯ ಲೀಗ್. ಗಂಡು ಹೆಣ್ಣು ಇಬ್ಬರಿಗೂ. ಎರಡು, ಆಡುವ ಪ್ರತಿಯೊಬ್ಬರಿಗೂ ಲಿಖಿತ ಕರಾರು, ಕನಿಷ್ಠ ಸಂಭಾವನೆ, ಗಾಯವಾದರೆ ಚಿಕಿತ್ಸೆ. ಮೂರು, ತಂಡ ಬದಲಾದರೂ ಲೀಗ್ ನಿಂತರೂ ಆಟಗಾರನ ಹೆಸರಲ್ಲೇ ಉಳಿಯುವ ಕಲ್ಯಾಣ ನಿಧಿ.

ಮೂರನೆಯದು ಕನಸಿನ ಮಾತು ಅನ್ನಿಸಬಹುದು. ಆದರೆ ಅದರ ಮಾದರಿ ನಮ್ಮ ರಾಜ್ಯದಲ್ಲೇ ಇದೆ. 2025ರ ಗಿಗ್ ಕಾರ್ಮಿಕರ ಕಾಯ್ದೆ ಏನು ಹೇಳುತ್ತೆ? ಸ್ವಿಗ್ಗಿ, ಜೊಮ್ಯಾಟೊ, ಊಬರ್‌ನಂಥ ಕಂಪನಿಗಳು ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಅದು ಮಂಡಳಿಯ ಮೂಲಕ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಹೋಗಬೇಕು. ಆ್ಯಪ್ ಬದಲಾದರೂ ಕಾರ್ಮಿಕನ ನೋಂದಣಿ ಉಳಿಯುತ್ತೆ. ಅದನ್ನೇ ಕ್ರೀಡೆಗೆ ಅನ್ವಯಿಸಿ: ರಾಜ್ಯದಲ್ಲಿ ನಡೆಯುವ ಪ್ರತಿ ವೃತ್ತಿಪರ ಲೀಗ್‌ನ ಟಿಕೆಟ್, ಜಾಹೀರಾತು, ಪ್ರಸಾರ ಆದಾಯದಲ್ಲಿ ಒಂದು ಪಾಲು ಆಟಗಾರರ ನಿಧಿಗೆ. ಕ್ರಿಕೆಟ್‌ನ ದೊಡ್ಡ ದುಡ್ಡೂ ಅದರಲ್ಲಿ ಸೇರಲಿ.

ಇದನ್ನು ಕೇಳಬೇಕಾದವರು ಯಾರು? ಮೊದಲು ಆಟಗಾರರೇ. ಎನ್‌ಬಿಎಯ ಇತಿಹಾಸ ಹೇಳುವ ಪಾಠ ಅಷ್ಟು: ತಾರೆಗಳು ತಮ್ಮ ಪಂದ್ಯವನ್ನೇ ಪಣಕ್ಕಿಟ್ಟಾಗ ಬೆಂಚಿನಲ್ಲಿ ಕೂತವರಿಗೂ ಪಿಂಚಣಿ ಬಂತು. ಇಲ್ಲಿ ಆಟಗಾರರ ಪರ ಮಾತಾಡುವವರು ಅಂದರೆ ಸಂಸ್ಥೆಗಳ ಪದಾಧಿಕಾರಿಗಳು, ಅವರಲ್ಲಿ ಹೆಚ್ಚಿನವರು ರಾಜಕಾರಣಿಗಳು ಇಲ್ಲವೇ ಅಧಿಕಾರಿಗಳು. ಫೌಂಡ್ರಿಯ ಗುತ್ತಿಗೆ ಕಾರ್ಮಿಕನಿಗೂ ಅಂಗಳದ ಗಾರ್ಡ್‌ಗೂ ಬೇಕಾಗಿರೋದು ಒಂದೇ: ಎಲ್ಲಿ ದುಡಿದರೂ, ಯಾರ ಕೈಕೆಳಗೆ ದುಡಿದರೂ, ದುಡಿದ ವರ್ಷಗಳು ಲೆಕ್ಕಕ್ಕೆ ಸಿಗಬೇಕು.