ಕಾಲು ನಿಂತರೆ ಕೈ ನಡೆದೀತು

ಯರಗಟ್ಟಿ: ಬೆಳಗಾವಿ-ಬಾಗಲಕೋಟೆ ಬಸ್ಸು ಇಲ್ಲಿ ಗಕ್ಕನೆ ಬ್ರೇಕ್ ಹಾಕಿತೆಂದರೆ ನಿಂತವರೆಲ್ಲ ಒಬ್ಬರ ಮೇಲೊಬ್ಬರು! ಬೀಳದವನು ಕಂಡಕ್ಟರ್ ಒಬ್ಬನೇ. ಟಿಕೆಟ್ಟು, ಚಿಲ್ಲರೆ ಹಿಡಿದ ಕೈಗೆ ಕಂಬಿ ಹಿಡಿಯಲು ಪುರಸೊತ್ತೆಲ್ಲಿ? ಕಾಲು ಅಗಲಿಸಿ, ಮೊಣಕಾಲು ತುಸು ಸಡಿಲಿಸಿ, ಮೈಭಾರವನ್ನು ಈ ಕಾಲಿಂದ ಆ ಕಾಲಿಗೆ ದಾಟಿಸುತ್ತಾನೆ. ಕರಾಟೆಯ ಮೊದಲ ಪಾಠವೂ ಇದೇ.

ಮುಂಗಾಲು ಬಾಗಿಸಿ ಹಿಂಗಾಲು ಚಾಚಿದರೆ ‘ಝೆನ್‌ಕುತ್ಸು’. ಭಾರ ನೂರಕ್ಕೆ ಸುಮಾರು 60 ಪಾಲು ಮುಂದೆ. ‘ಕೊಕುತ್ಸು’ವಿನಲ್ಲಿ 70 ಪಾಲು ಹಿಂದೆ. ‘ಕಿಬಾ’ ಎಂದರೆ ಕುದುರೆ ಸವಾರನ ನಿಲುವು. ಎರಡೂ ಕಾಲಿಗೆ ಸಮಪಾಲು. ಗುದ್ದಿನ ಜೋರು ಹುಟ್ಟುವುದು ಮುಷ್ಟಿಯಲ್ಲಲ್ಲ. ನೆಲ ಒತ್ತಿದ ಪಾದದಿಂದ ಎದ್ದು, ಸೊಂಟ ತಿರುಗಿ, ಕೈಗೆ ಬರುತ್ತದೆ. ಒಕಿನಾವಾದ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋದಲ್ಲಿ ತೋರಿಸಿದ ವಿದ್ಯೆಯಿದು. ನಮ್ಮ ಗರಡಿ ಮನೆ ಪೈಲ್ವಾನರಿಗೆ ಈ ಗುಟ್ಟು ಹೊಸದಲ್ಲ. ಭಾರ ಬಿದ್ದ ಕಾಲು ಚಟ್ಟನೆ ಏಳದು, ಪಟ್ಟು ಹಾಕುವುದು ಅಲ್ಲಿಗೇ!

ಸಮಗ್ರ ಶಿಕ್ಷಣ ಯೋಜನೆಯಡಿ ಸರಕಾರಿ ಶಾಲೆ ಹುಡುಗಿಯರಿಗೆ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಉಂಟು. ಅಷ್ಟರಲ್ಲಿ ಹತ್ತು ಹೊಡೆತ ಕಲಿಸಿ ಫೋಟೋ ತೆಗೆಸುವುದು ಸಲೀಸು. ಆದರೆ ಸಂಜೆ ಬಸ್ಸಿಳಿದು ಒಬ್ಬಳೇ ನಡೆಯುವ ಹುಡುಗಿಯ ಕೈಯನ್ನು ಯಾರಾದರೂ ಜಗ್ಗಿದರೆ? ಮೊದಲು ಬೇಕಾದದ್ದು ಬೀಳದೆ ನಿಲ್ಲುವುದು. ನಿಂತರೆ ಕೈ ಕೊಸರಿ ಓಡಿಯಾಳು. ಬಿದ್ದರೆ ಕಲಿತ ಹೊಡೆತ ನೆನಪಿಗೆ ಬಂದೀತೆ?

ಮಗಳು ಕ್ಲಾಸಿನಿಂದ ಬಂದರೆ ‘ಎಷ್ಟು ಹಂಚು ಒಡದಿ?’ ಅಂತ ಕೇಳಬ್ಯಾಡ್ರಿ. ‘ಹ್ಯಾಂಗ ನಿಂತಿ, ತೋರಸವ್ವಾ’ ಅನ್ರಿ.