ಬಲಮುರಿ-ಎಡಮುರಿ: ಪದರು ಕಾಂತವಸ್ತುಗಳಲ್ಲಿ ಸ್ಪಿನ್ ಅಲೆಗಳ ಚಲನೆ

ಜನಪದರ ಲೋಕಗ್ರಹಿಕೆಯಲ್ಲಿ ದಿಕ್ಕು ಬೇರೆ, ಸುತ್ತು ಬೇರೆ. ಸುರುಳಿ ಬಲಕ್ಕೆ ತಿರುಗಿದ ಶಂಖ ಬಲಮುರಿ. ಸೊಂಡಿಲು ಬಲಕ್ಕೆ ಹೊರಳಿದ ಗಣಪತಿ ಬಲಮುರಿ ಗಣಪತಿ. ಶ್ರೀರಂಗಪಟ್ಟಣದ ಸಮೀಪ ಕಾವೇರಿಯ ದಡದಲ್ಲಿ ಬಲಮುರಿ, ಎಡಮುರಿ ಎಂಬ ಹೆಸರಿನ ತಾಣಗಳೇ ಇವೆ. ಈ ಪದಜೋಡಿ ಸೂಚಿಸುವ ಗುಣ ಸೂಕ್ಷ್ಮವಾದುದು. ಬಲಮುರಿ ಶಂಖವನ್ನು ತಲೆಕೆಳಗು ಮಾಡಿದರೂ ಅದು ಬಲಮುರಿಯಾಗಿಯೇ ಉಳಿಯುತ್ತದೆ. ಕನ್ನಡಿಯಲ್ಲಿ ಮಾತ್ರ ಎಡಮುರಿಯಾಗಿ ಕಾಣುತ್ತದೆ. ಇದೇ ಗುಣಕ್ಕೆ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ 19ನೆಯ ಶತಮಾನದ ಕೊನೆಯಲ್ಲಿ, 'ಕೈ' ಎಂಬ ಅರ್ಥದ ಗ್ರೀಕ್ ಪದದಿಂದ 'ಕೈರಾಲಿಟಿ' ಎಂಬ ಹೆಸರನ್ನು ರೂಪಿಸಿದರು. ಆಧುನಿಕ ಕಾಂತವಿಜ್ಞಾನದ ಒಂದು ವಿದ್ಯಮಾನವನ್ನು ವಿವರಿಸಲು 'ಮುರಿ' ಎಂಬ ದೇಸಿ ಪದ ಎಷ್ಟು ಸಮರ್ಥವೆಂಬುದನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ಕಬ್ಬಿಣದಂತಹ ವಸ್ತುವಿನಲ್ಲಿ ಪ್ರತಿ ಪರಮಾಣುವೂ ಒಂದು ಕಿರುಕಾಂತದಂತೆ ವರ್ತಿಸುತ್ತದೆ. ಇದಕ್ಕೆ ಮುಖ್ಯ ಕಾರಣ ಎಲೆಕ್ಟ್ರಾನಿನ 'ಸ್ಪಿನ್' ಎಂಬ ಗುಣ. ಒಂದು ಸ್ಪಿನ್ ಕದಲಿದರೆ ಅದು ವಾಲಿದ ಬುಗುರಿಯಂತೆ ಸುತ್ತತೊಡಗುತ್ತದೆ. ನೆರೆಯ ಸ್ಪಿನ್ ತುಸು ತಡವಾಗಿ ಅದನ್ನೇ ಅನುಸರಿಸುತ್ತದೆ. ಗಾಳಿಗೆ ತೂಗುವ ಭತ್ತದ ಗದ್ದೆಯಲ್ಲಿ ಪೈರು ನಿಂತಲ್ಲೇ ನಿಂತು ಅಲೆ ಮಾತ್ರ ಸಾಗುವಂತೆ, ಸ್ಪಿನ್‌ಗಳು ಸ್ಥಾನ ಬಿಡದೆ ಚಲನೆಯನ್ನು ಮುಂದಕ್ಕೆ ದಾಟಿಸುತ್ತವೆ. ಈ ಸ್ಪಿನ್ ಅಲೆಯ ಪರಿಕಲ್ಪನೆಯನ್ನು 1930ರಲ್ಲಿ ಫೆಲಿಕ್ಸ್ ಬ್ಲಾಖ್ ಮಂಡಿಸಿದರು. ಇಲ್ಲಿ ವಿದ್ಯುದಾವೇಶ ಹರಿಯದೆಯೇ ಸಂಕೇತ ಸಾಗುವುದರಿಂದ, ವಿದ್ಯುತ್ಪ್ರವಾಹ ಉಂಟುಮಾಡುವ ಶಾಖನಷ್ಟ ತಪ್ಪುತ್ತದೆ. ಸಂಶೋಧಕರ ಆಸಕ್ತಿಗೆ ಇದೊಂದು ಪ್ರಮುಖ ಕಾರಣ.

ಈ ಅಲೆಯಲ್ಲಿ ಎರಡು ಸುತ್ತುಗಳನ್ನು ಬೇರ್ಪಡಿಸಿ ನೋಡಬೇಕು. ಮೊದಲನೆಯದು, ಪ್ರತಿ ಸ್ಪಿನ್ ಕಾಲಕ್ರಮದಲ್ಲಿ ಸುತ್ತುವ ಬಗೆ. ಕಬ್ಬಿಣದಂತಹ ಫೆರೋಕಾಂತದಲ್ಲಿ ಇದು ನಿಗದಿತವಾದುದು. ಅಲೆ ಯಾವ ಕಡೆಗೆ ಸಾಗಿದರೂ ಬದಲಾಗದು. ಎರಡನೆಯದು, ಒಂದೇ ಕ್ಷಣದಲ್ಲಿ ಸ್ಪಿನ್‌ಗಳ ಸಾಲನ್ನು ನೋಡಿದಾಗ ಒಂದರಿಂದ ಮುಂದಿನದಕ್ಕೆ ಕಾಣುವ ತಿರುವು. ಅಲೆಯ ದಿಕ್ಕು ಹಿಮ್ಮೊಗವಾದರೆ ಈ ತಿರುವೂ ಹಿಮ್ಮೊಗವಾಗುತ್ತದೆ. ಸಾಮಾನ್ಯ ವಿನಿಮಯ ಬಲಕ್ಕೆ ಎರಡು ತಿರುವುಗಳೂ ಸಮಾನ. ಆದುದರಿಂದ ಹೋಗುವ ಅಲೆಗೂ ಬರುವ ಅಲೆಗೂ ಅದು ಭೇದವೆಣಿಸದು.

ಪದರುಗಳ ರಚನೆಯಲ್ಲಿ ಈ ಸಮತೆ ಕದಡುತ್ತದೆ. ಕೋಬಾಲ್ಟಿನ ಅತಿ ತೆಳುವಾದ ಪದರನ್ನು ಪ್ಲಾಟಿನಂ ಎಂಬ ಭಾರಲೋಹದ ಮೇಲೆ ಕೂರಿಸಿದಾಗ, ಅದರ ಕೆಳಬದಿ ಮತ್ತು ಮೇಲ್ಬದಿಗಳು ಭಿನ್ನವಾಗುತ್ತವೆ. ಆಗ ನೆರೆಯ ಸ್ಪಿನ್‌ಗಳನ್ನು ಒಂದು ಗೊತ್ತಾದ ಬಗೆಯಲ್ಲಿಯೇ ತಿರುಗಿಸಬಯಸುವ ಬಲವೊಂದು ಪ್ರಬಲವಾಗುತ್ತದೆ. ಇದರ ತತ್ತ್ವವನ್ನು 1958ರಲ್ಲಿ ಜ್ಯಾಲೊಶಿನ್‌ಸ್ಕಿ, 1960ರಲ್ಲಿ ಮೊರಿಯಾ ನಿರೂಪಿಸಿದರು. ಜಡೆ ಕೋಲಾಟದ ನಿದರ್ಶನ ಇಲ್ಲಿ ಉಪಯುಕ್ತ. ಬರಿಯ ಕೋಲಾಟದಲ್ಲಿ ಯಾವ ಕಡೆಗೆ ಸುತ್ತಿದರೂ ಒಂದೇ. ಹಗ್ಗ ಹೆಣೆದುಕೊಂಡ ಮೇಲಾದರೋ ಒಂದು ಸುತ್ತು ಹೆಣಿಗೆಯನ್ನು ಬಿಗಿಗೊಳಿಸುತ್ತದೆ, ಮತ್ತೊಂದು ಬಿಚ್ಚುತ್ತದೆ. ಅದರಂತೆ ಕಾಂತತೆಗೆ ಅಡ್ಡಲಾಗಿ ಸಾಗುವ ಅಲೆಗೆ ಒಂದು ದಿಕ್ಕಿನಲ್ಲಿ ಶಕ್ತಿವ್ಯಯ ತಗ್ಗುತ್ತದೆ, ವಿರುದ್ಧ ದಿಕ್ಕಿನಲ್ಲಿ ಹೆಚ್ಚುತ್ತದೆ. ಕೋಬಾಲ್ಟಿನ ಎರಡೂ ಬದಿಗೆ ಸರಿಸಮನಾದ ಪ್ಲಾಟಿನಂ ಪದರುಗಳಿದ್ದರೆ ಎರಡರ ಪ್ರಭಾವಗಳೂ ಪರಸ್ಪರ ಅಳಿದುಹೋಗುತ್ತವೆ.

ಇದು ಬರಿಯ ಊಹೆಯಲ್ಲ. ಉದ್ವರ್ದಿ ಮತ್ತು ಸುನ್ಯೋಗ್ 2009ರಲ್ಲಿ ಗಣನೆಯಿಂದ ಮುನ್ಸೂಚಿಸಿದ ಈ ಅಸಮತೆಯನ್ನು 2010ರಲ್ಲಿ ಜರ್ಮನಿಯ ಹಾಲೆಯ ಸಂಶೋಧಕರು, ಟಂಗ್‌ಸ್ಟನ್ ಮೇಲಿನ ಎರಡೇ ಪರಮಾಣು ಪದರಗಳ ಕಬ್ಬಿಣದಲ್ಲಿ ಎಲೆಕ್ಟ್ರಾನ್‌ಗಳನ್ನು ಚದರಿಸಿ ಕಂಡರು. ಬೆಳಕನ್ನು ಚದರಿಸುವ ಬ್ರಿಲ್ವಾ ವಿಧಾನದಿಂದ ವಿರುದ್ಧ ದಿಕ್ಕಿನ ಅಲೆಗಳ ಆವರ್ತನ ವ್ಯತ್ಯಾಸವನ್ನು ಅಳೆದು, ಪದರುಗಳ ಸಂಧಿಯಲ್ಲಿ ಅಡಗಿದ ಮುರಿಬಲದ ಪ್ರಮಾಣವನ್ನು ಕಂಡುಹಿಡಿಯುವುದು ಇಂದು ಸ್ಥಾಪಿತ ಪದ್ಧತಿ. ಆದರೆ ಎಲ್ಲ ಅಸಮತೆಗೂ ಇದೇ ಕಾರಣವಲ್ಲ. ಒಂದು ದಿಕ್ಕಿನ ಅಲೆ ಮೇಲ್ಮೈಗೂ ವಿರುದ್ಧ ದಿಕ್ಕಿನದು ತಳಮೈಗೂ ಅಂಟಿ ಸಾಗುವ ಬಗೆಯನ್ನು ಡೇಮನ್ ಮತ್ತು ಎಶ್‌ಬಾಕ್ 1961ರಲ್ಲಿಯೇ ವಿವರಿಸಿದ್ದರು; ಅದರ ಮೂಲ ಕಾಂತಗಳ ದೂರಪ್ರಭಾವದಲ್ಲಿದೆ. ಎರಡನ್ನೂ ಬೇರ್ಪಡಿಸದ ಅಳತೆ ದಾರಿತಪ್ಪಿಸುತ್ತದೆ.

ಅಲೆಯನ್ನು ಒಂದೇ ಕಡೆಗೆ ಬಿಟ್ಟು ಮರಳದಂತೆ ತಡೆಯುವ ಸಾಧನಗಳ ಸಾಧ್ಯತೆ ಈ ಅಸಮತೆಯಲ್ಲಿದೆ. ಆದರೆ ಲೋಹದ ತೆಳುಪದರುಗಳಲ್ಲಿ ಅಲೆ ಕೆಲವೇ ಮೈಕ್ರೋಮೀಟರುಗಳಲ್ಲಿ ಕ್ಷೀಣಿಸುತ್ತದೆಂಬ ಮಿತಿಯೂ ಇದೆ. ಪರಿಭಾಷೆಯ ದೃಷ್ಟಿಯಿಂದ ಗಮನಾರ್ಹ ಸಂಗತಿ ಇನ್ನೊಂದು. 'ಕೈ' ಎಂಬ ಗ್ರೀಕ್ ರೂಪಕ ಆಕಾರವನ್ನಷ್ಟೇ ಸೂಚಿಸುತ್ತದೆ. ಕನ್ನಡದ 'ಮುರಿ'ಗೆ ತಿರುಗು ಎಂಬ ಅರ್ಥವೂ ಭಂಗವಾಗು ಎಂಬ ಅರ್ಥವೂ ಉಂಟು. ಕನ್ನಡಿ ಸಮತೆ ಮುರಿದಲ್ಲಿ ಮಾತ್ರ ಬಲಮುರಿ, ಎಡಮುರಿಗಳು ಬೇರೆಯಾಗುತ್ತವೆ ಎಂಬ ವಿಜ್ಞಾನದ ತಿರುಳನ್ನು ಈ ಒಂದು ಪದ ಹಿಡಿದಿಡಬಲ್ಲದು. ಜನಪದ ಪದಕೋಶವನ್ನು ಗತಕಾಲದ ಸಂಗ್ರಹವೆಂದಷ್ಟೇ ಕಾಣದೆ, ಹೊಸ ಜ್ಞಾನವನ್ನು ಹೊರಬಲ್ಲ ಸಂಪನ್ಮೂಲವೆಂದು ಪರಿಗಣಿಸುವುದು ಅಗತ್ಯ.