ಮೂಗಿನ ಪೊಟರೆಯಲ್ಲಿ ಅಡಗುವ ಗಂತಿ

ನಮ್ಮ ಮೂಗಿನ ಇಕ್ಕೆಲಗಳಲ್ಲಿಯೂ ಹುಬ್ಬಿನ ಮೇಲ್ಭಾಗದಲ್ಲಿಯೂ ಎಲುಬುಗಳೊಳಗೆ ಗಾಳಿ ತುಂಬಿದ ಪೊಟರೆಗಳಿವೆ. ಇವುಗಳಿಗೆ ಸೈನಸ್ ಎಂದು ಹೆಸರು. ನೆಗಡಿಯಾದಾಗ ಇವು ಕಟ್ಟಿಕೊಂಡು ತಲೆ ಭಾರವಾಗುವುದು ವಾಚಕರಿಗೆ ತಿಳಿದ ಸಂಗತಿಯೇ. ಆದರೆ ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿಕೊಂಡಿದ್ದು, ಆಗಾಗ ರಕ್ತ ಒಸರುತ್ತ, ಕೆನ್ನೆ ಊದಿಕೊಂಡರೆ ಅದನ್ನು ಉಪೇಕ್ಷಿಸಲಾಗದು. ಬಲು ವಿರಳವಾಗಿ, ಅದರ ಹಿಂದೆ ಪ್ಲಾಸ್ಮಾ ಕಣಗಳ ಗಂತಿಯೊಂದು ಅಡಗಿರಬಹುದು.

ಪ್ಲಾಸ್ಮಾ ಕಣವೆಂದರೇನು? ರಕ್ತದ ಬಿಳಿಯ ಕಣಗಳಲ್ಲಿ ಬಿ ಲಿಂಫೋಸೈಟ್ ಎಂಬುದೊಂದು ಬಗೆ. ರೋಗಾಣುಗಳು ದೇಹವನ್ನು ಹೊಕ್ಕಾಗ ಇವುಗಳಲ್ಲಿ ಕೆಲವು ಪ್ಲಾಸ್ಮಾ ಕಣಗಳಾಗಿ ಮಾರ್ಪಟ್ಟು, ಪ್ರತಿಕಾಯಗಳೆಂಬ ಪ್ರೋಟೀನುಗಳನ್ನು ತಯಾರಿಸುತ್ತವೆ. ಮೂಗು ಗಂಟಲುಗಳ ಲೋಳೆಪೊರೆಯಲ್ಲಿಯೂ ಇವು ನೆಲೆಸಿರುತ್ತವೆ. ಅಂತಹ ಒಂದು ಕಣ ಅಂಕೆಮೀರಿ ವೃದ್ಧಿಯಾದರೆ ಗಂತಿಯುಂಟಾಗುತ್ತದೆ. ಎಲುಬು ಮತ್ತು ಅಸ್ಥಿಮಜ್ಜೆಗಳ ಹೊರಗೆ ಹುಟ್ಟುವ ಇಂತಹ ಒಂಟಿ ಗಂತಿಗಳಲ್ಲಿ ನೂರಕ್ಕೆ ಸುಮಾರು 80 ತಲೆ ಕುತ್ತಿಗೆಗಳಲ್ಲಿಯೇ ಕಾಣಿಸಿಕೊಳ್ಳುತ್ತವೆ. ಹೆಂಗಸರಿಗಿಂತ ಗಂಡಸರಲ್ಲಿ, ಅದರಲ್ಲಿಯೂ 50 ವರ್ಷ ದಾಟಿದವರಲ್ಲಿ, ಇದು ಹೆಚ್ಚು.

ವೈದ್ಯರ ಮುಂದೆ ಎರಡು ಪ್ರಶ್ನೆಗಳಿವೆ. ಮೊದಲನೆಯದು: ಈ ಗಂತಿ ಯಾವ ಜಾತಿಯದು? ಸಿ.ಟಿ. ಮತ್ತು ಎಂ.ಆರ್.ಐ. ಚಿತ್ರಗಳು ಅದರ ವಿಸ್ತಾರವನ್ನು ತೋರಿಸುತ್ತವೆ, ಜಾತಿಯನ್ನು ಖಚಿತವಾಗಿ ಹೇಳಲಾರವು. ಆದುದರಿಂದ ಅದರ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. ಹಳೆಯ ಸೋಂಕಿನಲ್ಲಿಯೂ ಪ್ಲಾಸ್ಮಾ ಕಣಗಳು ಗುಂಪುಗೂಡುವುದುಂಟು. ಹಾಗಾದರೆ ಭೇದ ತಿಳಿಯುವುದೆಂತು? ಪ್ರತಿಕಾಯದ ಲಘು ಸರಪಳಿಯಲ್ಲಿ ಕಪ್ಪಾ, ಲ್ಯಾಂಬ್ಡಾ ಎಂದು ಎರಡು ವಿಧ. ಒಂದು ಕಣ ಒಂದನ್ನೇ ತಯಾರಿಸುತ್ತದೆ. ಸೋಂಕಿನ ಗುಂಪಿನಲ್ಲಿ ಎರಡೂ ಬಗೆಯವು ಬೆರೆತಿರುತ್ತವೆ. ಗಂತಿಯ ಕಣಗಳು ಒಂದೇ ಕಣದ ಸಂತಾನವಾದುದರಿಂದ ಅಲ್ಲಿ ಒಂದೇ ವಿಧ ಮೆರೆಯುತ್ತದೆ.

ಎರಡನೆಯದು: ಗಂತಿ ನಿಜವಾಗಿಯೂ ಒಂಟಿಯೇ, ಅಥವಾ ಮಜ್ಜೆಯನ್ನು ವ್ಯಾಪಿಸುವ ಮೈಲೋಮಾ ರೋಗದ ಅಂಶವೇ? ಇದನ್ನರಿಯಲು ಮಜ್ಜೆಯನ್ನು ಪರೀಕ್ಷಿಸುತ್ತಾರೆ. ರಕ್ತದ ಕ್ಯಾಲ್ಸಿಯಂ, ಹಿಮೋಗ್ಲೋಬಿನ್‌ಗಳನ್ನು ಅಳೆಯುತ್ತಾರೆ. ಮೂತ್ರಪಿಂಡಗಳನ್ನೂ ಎಲುಬುಗಳನ್ನೂ ಶೋಧಿಸುತ್ತಾರೆ. ಮೂತ್ರದಲ್ಲಿ ಬೆನ್ಸ್ ಜೋನ್ಸ್ ಪ್ರೋಟೀನನ್ನೂ ಹುಡುಕುವುದುಂಟು. ಕಾಯಿಸಿದಾಗ ಗರಣೆಗಟ್ಟಿ, ಕುದಿಸಿದಾಗ ಮತ್ತೆ ಕರಗುವ ಈ ವಿಚಿತ್ರ ವಸ್ತುವನ್ನು ಇಂಗ್ಲೆಂಡಿನ ಹೆನ್ರಿ ಬೆನ್ಸ್ ಜೋನ್ಸ್ 1847ರಲ್ಲಿ ವರ್ಣಿಸಿದನು. ಅದು ಪ್ರತಿಕಾಯದ ಲಘು ಸರಪಳಿಯೇ ಎಂದು 1962ರಲ್ಲಿ ಎಡೆಲ್‌ಮನ್ ಮತ್ತು ಗ್ಯಾಲಿ ತೋರಿಸಿದರು.

ಈ ವಿಚಾರಣೆ ಏಕೆಂದರೆ, ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ. ಮೈಲೋಮಾಕ್ಕೆ ಮೈಯೆಲ್ಲ ಹರಡುವ ಔಷಧಗಳು ಬೇಕು. ಒಂಟಿ ಗಂತಿಯಾದರೋ ವಿಕಿರಣಕ್ಕೆ ಸುಲಭವಾಗಿ ಮಣಿಯುತ್ತದೆ. ಸಾಮಾನ್ಯವಾಗಿ 40ರಿಂದ 50 ಗ್ರೇ ಪ್ರಮಾಣವನ್ನು ನಾಲ್ಕೈದು ವಾರಗಳಲ್ಲಿ ಹಂಚಿ ಕೊಡುತ್ತಾರೆ. ಸಣ್ಣ ಗಂತಿಯನ್ನು ಕತ್ತರಿಸಿ ತೆಗೆಯಬಹುದು. ಆದರೆ ಕಣ್ಣು, ಮೆದುಳುಗಳು ಸಮೀಪದಲ್ಲಿರುವುದರಿಂದ ಸೈನಸ್ಸಿನಲ್ಲಿ ಶಸ್ತ್ರಕ್ರಿಯೆ ಯಾವಾಗಲೂ ಸುಲಭವಲ್ಲ.

ಬಹುಮಂದಿ ರೋಗಿಗಳಲ್ಲಿ ಗಂತಿ ಅದೇ ಸ್ಥಳದಲ್ಲಿ ಮರಳುವುದಿಲ್ಲ. ಕೆಲವರಲ್ಲಿ ಮಾತ್ರ ವರ್ಷಗಳ ತರುವಾಯ ಮೈಲೋಮಾ ತಲೆದೋರುವುದರಿಂದ, ಗುಣ ಹೊಂದಿದವರು ಸಹ ರಕ್ತ ಮೂತ್ರಗಳ ಪರೀಕ್ಷೆಯನ್ನು ಬಹುಕಾಲ ತಪ್ಪದೆ ಮಾಡಿಸಿಕೊಳ್ಳಬೇಕು.